33 ವರ್ಷ ಶ್ರುತಿ ತಪ್ಪಿದ್ದ ಧ್ವನಿಮುದ್ರಿಕೆ

ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಜಾಝ್ ಸಂಗೀತದಲ್ಲಿ ಅತಿ ಹೆಚ್ಚು ಮಾರಾಟವಾದ ಧ್ವನಿಮುದ್ರಿಕೆಗಳ ಪೈಕಿ ಒಂದು. 1959ರ ಆಗಸ್ಟ್ 17ರಂದು ಬಿಡುಗಡೆಯಾದ ಈ ತಟ್ಟೆಯ ಮೊದಲ ಬದಿಯಲ್ಲಿ ಮೂರು ರಚನೆಗಳಿವೆ. ಕೇಳುಗರು, ವಿದ್ಯಾರ್ಥಿಗಳು, ವಿಮರ್ಶಕರು ಆ ಮೂರನ್ನೂ 1992ರವರೆಗೆ ಕೇಳಿದ್ದು ವಾದಕರು ನುಡಿಸಿದ ಶ್ರುತಿಯಲ್ಲಿ ಅಲ್ಲ. ನುಡಿಸಿದ್ದಕ್ಕಿಂತ ತುಸು ಏರಿದ ಶ್ರುತಿಯಲ್ಲಿ, ತುಸು ಹೆಚ್ಚಿದ ವೇಗದಲ್ಲಿ.

ವಾದಕರದ್ದಾಗಲಿ ಕೇಳುಗರದ್ದಾಗಲಿ ಇದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಒಂದು ಟೇಪ್ ಯಂತ್ರ. ಧ್ವನಿಮುದ್ರಣದ ದಿನಾಂಕ, ಸ್ಥಳ, ಯಂತ್ರ, ವಾದಕರ ಹೆಸರು, ಬಿಡುಗಡೆಯ ವರ್ಷ ಮುಂತಾದ ವಿವರಗಳನ್ನು ಸಂಗ್ರಾಹಕರ ಹವ್ಯಾಸವೆಂದು ಬದಿಗೆ ಸರಿಸುವವರು ಬಹಳ. ಆದರೆ ಕೇಳುವ ಸ್ವರ ಯಾವುದು, ರಚನೆ ಯಾರದು, ಹಣ ಯಾರಿಗೆ, ಹಕ್ಕು ಎಲ್ಲಿಯವರೆಗೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಅಡಗಿರುವುದು ಈ ವಿವರಗಳಲ್ಲೇ. ಅದಕ್ಕೆ ‘ಕೈಂಡ್ ಆಫ್ ಬ್ಲೂ’ಗಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಎರಡು ದಿನ, ಐದು ರಚನೆ

ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕ್ ನಗರದ 30ನೇ ರಸ್ತೆಯಲ್ಲಿದ್ದ ಕೊಲಂಬಿಯಾ ಸಂಸ್ಥೆಯ ಸ್ಟುಡಿಯೊದಲ್ಲಿ. ಅದು ಮೂಲತಃ ಒಂದು ಚರ್ಚ್. ಎತ್ತರದ ಛಾವಣಿಯ ಆ ಕಟ್ಟಡದ ಅನುರಣನ ವಾದ್ಯಗಳ ನಾದಕ್ಕೆ ಸಹಜ ಗಾಂಭೀರ್ಯ ನೀಡುತ್ತಿತ್ತು. ಇಂದು ಆ ಕಟ್ಟಡ ಉಳಿದಿಲ್ಲ.

1959ರ ಮಾರ್ಚ್ 2ರಂದು ‘ಫ್ರೆಡಿ ಫ್ರೀಲೋಡರ್’, ‘ಸೋ ವಾಟ್’, ‘ಬ್ಲೂ ಇನ್ ಗ್ರೀನ್’ ಎಂಬ ಮೂರು ರಚನೆಗಳು ಮುದ್ರಣಗೊಂಡವು. ಏಪ್ರಿಲ್ 22ರಂದು ‘ಫ್ಲಮೆಂಕೊ ಸ್ಕೆಚಸ್’ ಮತ್ತು ‘ಆಲ್ ಬ್ಲೂಸ್’ ಮುದ್ರಣಗೊಂಡವು. ಮೊದಲ ದಿನದ ಸಂಗೀತ ತಟ್ಟೆಯ ಮೊದಲ ಬದಿಯಾಯಿತು, ಎರಡನೆಯ ದಿನದ್ದು ಎರಡನೆಯ ಬದಿ. ಆದರೆ ನುಡಿಸಿದ ಕ್ರಮವೇ ತಟ್ಟೆಯ ಕ್ರಮವಲ್ಲ. ಕೇಳುಗರಿಗೆ ಮೊದಲು ಕೇಳಿಸುವುದು ‘ಸೋ ವಾಟ್’. ಸ್ಟುಡಿಯೊದಲ್ಲಿ ಮೊದಲು ನುಡಿಸಿದ್ದು ‘ಫ್ರೆಡಿ ಫ್ರೀಲೋಡರ್’.

ಭಾಗವಹಿಸಿದ ವಾದಕರು ಒಟ್ಟು ಏಳು ಮಂದಿ. ಟ್ರಂಪೆಟ್‌ನಲ್ಲಿ ಡೇವಿಸ್, ಆಲ್ಟೊ ಸ್ಯಾಕ್ಸೊಫೋನ್‌ನಲ್ಲಿ ಜೂಲಿಯನ್ ‘ಕ್ಯಾನನ್‌ಬಾಲ್’ ಆಡರ್ಲಿ, ಟೆನರ್ ಸ್ಯಾಕ್ಸೊಫೋನ್‌ನಲ್ಲಿ ಜಾನ್ ಕೋಲ್ಟ್ರೇನ್, ಬಾಸ್‌ನಲ್ಲಿ ಪಾಲ್ ಚೇಂಬರ್ಸ್, ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್. ಪಿಯಾನೊಕ್ಕೆ ಇಬ್ಬರು. ಬಿಲ್ ಎವಾನ್ಸ್ 1958ರಲ್ಲೇ ಡೇವಿಸ್ ತಂಡವನ್ನು ಬಿಟ್ಟಿದ್ದರು. ಅವರ ಸ್ಥಾನಕ್ಕೆ ವಿಂಟನ್ ಕೆಲಿ ಬಂದಿದ್ದರು. ಆದರೂ ಈ ಧ್ವನಿಮುದ್ರಣಕ್ಕೆ ಡೇವಿಸ್ ಎವಾನ್ಸ್ ಅವರನ್ನು ಮತ್ತೆ ಕರೆಸಿಕೊಂಡರು. ‘ಫ್ರೆಡಿ ಫ್ರೀಲೋಡರ್’ ಒಂದರಲ್ಲಿ ಮಾತ್ರ ಕೆಲಿ ನುಡಿಸಿದ್ದಾರೆ. ಉಳಿದ ನಾಲ್ಕರಲ್ಲೂ ಎವಾನ್ಸ್. ‘ಬ್ಲೂ ಇನ್ ಗ್ರೀನ್’ನಲ್ಲಿ ಆಡರ್ಲಿ ನುಡಿಸಿಲ್ಲ. ಈ ವಿವರ ತಿಳಿಯದ ಕೇಳುಗ ಒಬ್ಬರ ಕೈಚಳಕವನ್ನು ಮತ್ತೊಬ್ಬರದೆಂದು ಮೆಚ್ಚುವ ಸಾಧ್ಯತೆಯೇ ಹೆಚ್ಚು.

ಯಂತ್ರ ನಿಧಾನ, ಸ್ವರ ಏರಿಕೆ

ಮಾರ್ಚ್ 2ರಂದು ಸ್ಟುಡಿಯೊದಲ್ಲಿ ಎರಡು ಟೇಪ್ ಯಂತ್ರಗಳು ಏಕಕಾಲಕ್ಕೆ ಓಡುತ್ತಿದ್ದವು. ಒಂದರಲ್ಲಿ ಮುಖ್ಯ ಪ್ರತಿ, ಇನ್ನೊಂದರಲ್ಲಿ ಮುಂಜಾಗ್ರತೆಯ ಪ್ರತಿ. ಟೇಪ್ ಹರಿದರೆ, ಕೆಟ್ಟರೆ ಇರಲಿ ಎಂದು ಇಂತಹ ಎರಡನೆಯ ಪ್ರತಿ ಇಟ್ಟುಕೊಳ್ಳುವುದು ವಾಡಿಕೆ. ಅಂದು ಮುಖ್ಯ ಪ್ರತಿಯ ಯಂತ್ರ ನಿಗದಿತ ವೇಗಕ್ಕಿಂತ ಅತ್ಯಲ್ಪ ನಿಧಾನವಾಗಿ ಓಡುತ್ತಿತ್ತು. ಅದು ಯಾರ ಗಮನಕ್ಕೂ ಬರಲಿಲ್ಲ.

ಇದರ ಪರಿಣಾಮ ಸರಳ ಲೆಕ್ಕ. ಮುದ್ರಿಸುವಾಗ ಟೇಪ್ ನಿಧಾನವಾಗಿ ಓಡಿದರೆ, ಅದೇ ಸಂಗೀತ ಟೇಪಿನ ಕಡಿಮೆ ಉದ್ದದಲ್ಲಿ ಅಡಕವಾಗುತ್ತದೆ. ಆ ಟೇಪನ್ನು ಬೇರೊಂದು ಯಂತ್ರದಲ್ಲಿ ಸರಿಯಾದ ವೇಗದಲ್ಲಿ ಓಡಿಸಿದಾಗ ಸಂಗೀತ ಬೇಗ ಮುಗಿಯುತ್ತದೆ, ಸ್ವರಗಳೂ ಏರುತ್ತವೆ. ಇಲ್ಲಿ ಏರಿದ್ದು ಒಂದು ಸ್ವರಸ್ಥಾನಕ್ಕಿಂತಲೂ ಕಡಿಮೆ. ಸಾಮಾನ್ಯ ಕೇಳುಗರಿಗೆ ಅದು ಗೊತ್ತಾಗುವಂಥದ್ದಲ್ಲ. ಎಲ್ಲ ವಾದ್ಯಗಳೂ ಒಂದೇ ಪ್ರಮಾಣದಲ್ಲಿ ಏರಿದ್ದರಿಂದ ಪರಸ್ಪರ ಅಪಸ್ವರವೂ ಇರಲಿಲ್ಲ.

ಗೊತ್ತಾಗುತ್ತಿದ್ದುದು ತಟ್ಟೆಯ ಜೊತೆಗೆ ನುಡಿಸಲು ಕುಳಿತವರಿಗೆ. ಜಾಝ್ ಕಲಿಯುವವರು ಹಿರಿಯರ ಧ್ವನಿಮುದ್ರಿಕೆಯನ್ನು ಹಾಕಿಕೊಂಡು ಅದರೊಡನೆ ನುಡಿಸಿ ಅಭ್ಯಾಸ ಮಾಡುವುದು ರೂಢಿ. ಶ್ರುತಿ ಮಾಡಿದ ಪಿಯಾನೊದ ಮುಂದೆ ಕುಳಿತು ‘ಸೋ ವಾಟ್’ ಹಾಕಿದರೆ ಪಿಯಾನೊ ಕೆಳಗೆ ನಿಲ್ಲುತ್ತಿತ್ತು, ತಟ್ಟೆ ಮೇಲೆ ನಿಲ್ಲುತ್ತಿತ್ತು. ಇಂತಹ ಸಂದರ್ಭದಲ್ಲಿ ವಿದ್ಯಾರ್ಥಿ ಮೊದಲು ಅನುಮಾನಿಸುವುದು ತನ್ನ ವಾದ್ಯವನ್ನು, ಬಳಿಕ ತನ್ನ ಗ್ರಾಮಫೋನನ್ನು. ಎರಡನೆಯ ಬದಿ ಹಾಕಿದರೆ ಎಲ್ಲವೂ ಸರಿಹೊಂದುತ್ತಿತ್ತು. ಏಪ್ರಿಲ್ 22ರ ಟೇಪ್‌ನಲ್ಲಿ ಈ ದೋಷ ಇರಲಿಲ್ಲ.

ದೋಷ ಅಧಿಕೃತವಾಗಿ ಸರಿಯಾದದ್ದು 1992ರಲ್ಲಿ. ಹೊಸ ಸಿಡಿ ಆವೃತ್ತಿಗಾಗಿ ತಂತ್ರಜ್ಞ ಮಾರ್ಕ್ ವೈಲ್ಡರ್ ಮುಂಜಾಗ್ರತೆಯ ಪ್ರತಿಯ ರೀಲುಗಳನ್ನು ಹೊರತೆಗೆದರು. ಮೂರು ಪಥಗಳಲ್ಲಿ ಮುದ್ರಿತವಾಗಿದ್ದ ಆ ರೀಲುಗಳು ಸರಿಯಾದ ವೇಗದಲ್ಲಿದ್ದವು. ಹೆಚ್ಚು ಬಳಕೆಯಾಗದಿದ್ದ ಕಾರಣ ಅವು ಸವೆದೂ ಇರಲಿಲ್ಲ. 1997ರಲ್ಲಿ ಬಂದ ಸಾಮಾನ್ಯ ಬೆಲೆಯ ಸಿಡಿಯ ಮೂಲಕ ಸರಿಯಾದ ಶ್ರುತಿ ಎಲ್ಲರಿಗೂ ತಲುಪಿತು. ಆ ಎರಡನೆಯ ಪ್ರತಿಯನ್ನು ಗೋದಾಮಿನ ಜಾಗ ಉಳಿಸಲೆಂದು ಯಾರಾದರೂ ಎಸೆದಿದ್ದರೆ, ಸರಿಯಾದ ವೇಗ ಯಾವುದೆಂದು ನೇರವಾಗಿ ತೋರಿಸುವ ಸಾಕ್ಷ್ಯ ಇರುತ್ತಿರಲಿಲ್ಲ.

ಹೊದಿಕೆ ಹೇಳಿದ ಸುಳ್ಳು

ಟೇಪ್‌ನ ತಪ್ಪು ಕಿವಿಗೆ ಸಂಬಂಧಿಸಿದ್ದು. ಮುದ್ರಣಾಲಯದಲ್ಲೂ ತಪ್ಪುಗಳಾದವು. ಮೊದಲ ಮುದ್ರಣದ ಹೊದಿಕೆಯಲ್ಲಿ ಆಡರ್ಲಿ ಅವರ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಅದಕ್ಕಿಂತ ದೊಡ್ಡದು, ಎರಡನೆಯ ಬದಿಯ ಎರಡು ರಚನೆಗಳ ಹೆಸರುಗಳು ಅದಲುಬದಲಾಗಿದ್ದವು.

ಇದಕ್ಕೂ ಒಂದು ಹಿನ್ನೆಲೆ ಇದೆ. ಸ್ಟುಡಿಯೊದಲ್ಲಿ ನುಡಿಸುವಾಗ ರಚನೆಗಳಿಗೆ ಹೆಸರು ಇರಲೇಬೇಕೆಂದಿಲ್ಲ. ಸಂಸ್ಥೆ ಪ್ರತಿ ರಚನೆಗೂ ಒಂದು ಕ್ರಮಸಂಖ್ಯೆ ಕೊಡುತ್ತದೆ. ಇಲ್ಲಿ ಐದು ರಚನೆಗಳಿಗೆ 62290ರಿಂದ 62294ರವರೆಗಿನ ಸಂಖ್ಯೆಗಳಿದ್ದವು. ಮೊದಲ ದಿನದ ಟೇಪ್‌ನಲ್ಲಿ ನಿರ್ಮಾಪಕ ಅರ್ವಿಂಗ್ ಟೌನ್‌ಸೆಂಡ್ 62290 ಎಂಬ ಸಂಖ್ಯೆಯನ್ನು ಘೋಷಿಸಿ, ಅದಕ್ಕೆ ಶೀರ್ಷಿಕೆ ಇಲ್ಲವೆಂದು ಹೇಳುವುದು ದಾಖಲಾಗಿದೆ. ಹೆಸರು ಬಂದದ್ದು ನಂತರ. 62293 ಎಂದು ಮೊದಲು ಮುದ್ರಣಗೊಂಡ ‘ಫ್ಲಮೆಂಕೊ ಸ್ಕೆಚಸ್’ ತಟ್ಟೆಯಲ್ಲಿ ಕೊನೆಗೆ ಹೋಯಿತು. 62294 ಸಂಖ್ಯೆಯ ‘ಆಲ್ ಬ್ಲೂಸ್’ ಮುಂದಕ್ಕೆ ಬಂತು. ಮೊದಲ ಮುದ್ರಣದಲ್ಲಿ ಹೆಸರುಗಳು ಮಾತ್ರ ಹಿಂದಿನ ಕ್ರಮದಲ್ಲೇ ಉಳಿದವು.

ಹೊದಿಕೆಯ ಹಿಂಬದಿಯಲ್ಲಿ ಎವಾನ್ಸ್ ಬರೆದ ಟಿಪ್ಪಣಿಯಿದೆ. ಮುದ್ರಿತ ಟಿಪ್ಪಣಿಯಲ್ಲೂ ಹೆಸರುಗಳು ಹಾಗೆಯೇ ಬದಲಾಗಿದ್ದವು. ‘ಆಲ್ ಬ್ಲೂಸ್’ ಆರು ಮಾತ್ರೆಗಳ ನಡೆಯಲ್ಲಿ ಹನ್ನೆರಡು ಆವರ್ತಗಳ ಬ್ಲೂಸ್. ‘ಫ್ಲಮೆಂಕೊ ಸ್ಕೆಚಸ್’ ಐದು ಸ್ವರಶ್ರೇಣಿಗಳ ಸರಣಿ. ವಾದಕ ಒಂದೊಂದರಲ್ಲೂ ತನಗೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ಎರಡರ ಸ್ವಭಾವವೂ ಬೇರೆ. ಹೊದಿಕೆಯನ್ನು ನಂಬಿದ ಕೇಳುಗ ಒಂದನ್ನು ಕೇಳುತ್ತ ಇನ್ನೊಂದರ ವಿವರಣೆ ಓದಬೇಕಾಯಿತು.

ಪ್ರತಿ ರಚನೆಯನ್ನೂ ಒಂದೇ ಬಾರಿಗೆ ನುಡಿಸಿ ಮುಗಿಸಲಾಯಿತು ಎಂಬ ಜನಜನಿತ ಕಥೆಗೂ ಇದೇ ಟೇಪ್‌ಗಳು ಉತ್ತರ ಕೊಡುತ್ತವೆ. ಮಧ್ಯೆ ನಿಂತ, ಮತ್ತೆ ಆರಂಭಿಸಿದ ಯತ್ನಗಳು ಅವುಗಳಲ್ಲಿವೆ. ನಾಲ್ಕು ರಚನೆಗಳಲ್ಲಿ, ಪೂರ್ಣವಾಗಿ ನುಡಿಸಿದ ಮೊದಲ ಪ್ರಯತ್ನವೇ ತಟ್ಟೆಗೆ ಹೋಯಿತು ಎಂಬುದು ನಿಜ. ‘ಫ್ಲಮೆಂಕೊ ಸ್ಕೆಚಸ್’ ಮಾತ್ರ ಎರಡು ಬಾರಿ ಪೂರ್ಣಗೊಂಡಿತ್ತು. ತಟ್ಟೆಗೆ ಆಯ್ಕೆಯಾದದ್ದು ಆರನೆಯ ಯತ್ನ. ಮೊದಲನೆಯದು 1997ರ ಸಿಡಿಯಲ್ಲಿ ಸೇರಿತು.

ರಚನೆ ಯಾರದು?

ವೇಗ ಮತ್ತು ಹೆಸರುಗಳ ತಪ್ಪನ್ನು ತಿದ್ದಲು ಟೇಪ್ ಇತ್ತು. ಕರ್ತೃತ್ವದ ವಿಷಯದಲ್ಲಿ ಅಂತಹ ಆಧಾರ ಸಿಗಲಿಲ್ಲ. ತಟ್ಟೆಯ ಐದೂ ರಚನೆಗಳಿಗೆ ಡೇವಿಸ್ ಒಬ್ಬರ ಹೆಸರನ್ನೇ ನಮೂದಿಸಲಾಗಿತ್ತು. ಆದರೆ ಅದೇ 1959ರ ಡಿಸೆಂಬರ್‌ನಲ್ಲಿ ಎವಾನ್ಸ್ ತಮ್ಮ ‘ಪೋರ್ಟ್ರೇಟ್ ಇನ್ ಜಾಝ್’ಗಾಗಿ ‘ಬ್ಲೂ ಇನ್ ಗ್ರೀನ್’ ನುಡಿಸಿದಾಗ ರಚನಕಾರರ ಜಾಗದಲ್ಲಿ ಇಬ್ಬರ ಹೆಸರೂ ಬಂತು. 1978ರಲ್ಲಿ ಪಿಯಾನೊ ವಾದಕಿ ಮೇರಿಯನ್ ಮ್ಯಾಕ್‌ಪಾರ್ಟ್‌ಲೆಂಡ್ ಅವರ ರೇಡಿಯೊ ಕಾರ್ಯಕ್ರಮದಲ್ಲಿ ಎವಾನ್ಸ್ ಅದು ತಮ್ಮದೇ ರಚನೆ ಎಂದರು. ಇದನ್ನು ದೊಡ್ಡ ತಕರಾರು ಮಾಡುವ ಇಚ್ಛೆ ತಮಗಿಲ್ಲವೆಂದೂ ಸೇರಿಸಿದರು. ಡೇವಿಸ್ 1989ರ ಆತ್ಮಕಥೆಯಲ್ಲಿ ಎವಾನ್ಸ್ ಸಹರಚನಕಾರ ಎಂಬ ಮಾತನ್ನು ತಳ್ಳಿಹಾಕಿ, ಎಲ್ಲವೂ ತಮ್ಮದೇ ಎಂದು ಬರೆದರು.

ಇದು ಕೇವಲ ಗೌರವದ ಪ್ರಶ್ನೆಯಲ್ಲ. ರಚನಕಾರನೆಂದು ನಮೂದಾದವರಿಗೆ ಪ್ರತಿ ಮಾರಾಟದಲ್ಲೂ ರಾಯಧನದ ಪಾಲು ಸಲ್ಲುತ್ತದೆ. ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘಟನೆ 2019ರಲ್ಲಿ ಈ ಧ್ವನಿಮುದ್ರಿಕೆಗೆ ನೀಡಿದ ಪ್ರಮಾಣಪತ್ರದ ಪ್ರಕಾರ ಆ ದೇಶವೊಂದರಲ್ಲೇ ಅದರ ಲೆಕ್ಕ 50 ಲಕ್ಷ ಪ್ರತಿಗಳನ್ನು ಮುಟ್ಟಿದೆ. ಹೆಸರು ಬರೆಯುವ ಒಂದು ಸಾಲಿನ ಬೆಲೆ ಎಷ್ಟೆಂದು ಇದರಿಂದ ಅಂದಾಜಿಸಬಹುದು. ಧ್ವನಿಮುದ್ರಣದಲ್ಲಿ ಭಾಗವಹಿಸಿದವರ ಪೈಕಿ ಕೊನೆಯವರಾಗಿ ಉಳಿದಿದ್ದ ಜಿಮ್ಮಿ ಕಾಬ್ 2020ರ ಮೇ ತಿಂಗಳಲ್ಲಿ ನಿಧನರಾದರು. ಆ ಎರಡು ದಿನ ಅಲ್ಲಿ ನುಡಿಸಿದ ಏಳು ಮಂದಿಯಲ್ಲಿ ಈಗ ಯಾರೂ ಇಲ್ಲ.

ಒಂದು ತಟ್ಟೆ, ಎರಡು ಕಾನೂನು

ಮುದ್ರಣವಾದ ದಿನ ಬೇರೆ, ಬಿಡುಗಡೆಯಾದ ದಿನ ಬೇರೆ. ಕಾನೂನಿನ ಗಡಿಯಾರ ಹೆಚ್ಚಾಗಿ ಓಡುವುದು ಪ್ರಕಟವಾದ ವರ್ಷವನ್ನು ಹಿಡಿದು. ಯೂರೋಪ್ ಒಕ್ಕೂಟದಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿ ಹಿಂದೆ 50 ವರ್ಷಗಳಿದ್ದುದರಿಂದ ‘ಕೈಂಡ್ ಆಫ್ ಬ್ಲೂ’ ಧ್ವನಿಮುದ್ರಣದ ಹಕ್ಕು 2009ರ ಕೊನೆಗೆ ಮುಗಿಯಿತು. 2013ರಲ್ಲಿ ಅವಧಿ 70 ವರ್ಷಕ್ಕೆ ಏರಿದರೂ, ಅದಾಗಲೇ ಮುಗಿದಿದ್ದ ಹಕ್ಕುಗಳಿಗೆ ಮರುಜೀವ ಬರಲಿಲ್ಲ. ಅಮೆರಿಕದಲ್ಲಿ 2018ರ ಕಾನೂನಿನಂತೆ ಇದೇ ಧ್ವನಿಮುದ್ರಣಕ್ಕೆ 2067ರ ಫೆಬ್ರುವರಿ 15ರವರೆಗೆ ರಕ್ಷಣೆಯಿದೆ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಅವಧಿ, ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ.

ಯೂರೋಪಿನಲ್ಲಿ ಹಕ್ಕು ಮುಗಿದ ಬಳಿಕ ಇದೇ ಸಂಗೀತವನ್ನು ಬೇರೆ ಸಂಸ್ಥೆಗಳೂ ಹೊರತರಲು ದಾರಿಯಾಯಿತು. ಆದರೆ ಮೂಲ ರೀಲುಗಳಿರುವುದು ಮೂಲ ಸಂಸ್ಥೆಯ ಬಳಿ ಮಾತ್ರ. ಹಳೆಯ ತಟ್ಟೆಯಿಂದ ಪ್ರತಿ ಮಾಡಿದರೆ ಹಳೆಯ ತಪ್ಪೂ ಅದರೊಂದಿಗೆ ಬರುತ್ತದೆ. ಹೀಗಾಗಿ ಕೊಳ್ಳುವವರು ನೋಡಬೇಕಾದದ್ದು ಹೊದಿಕೆಯ ಮೇಲಿನ ದೊಡ್ಡ ಅಕ್ಷರಗಳನ್ನಲ್ಲ, ಕೆಳಗಿನ ಸಣ್ಣ ಅಕ್ಷರಗಳನ್ನು. ವೃತ್ತದೊಳಗೆ ‘ಪಿ’ ಅಕ್ಷರವಿದ್ದರೆ ಅದರ ಪಕ್ಕದ ವರ್ಷ ಧ್ವನಿಮುದ್ರಣದ ಪ್ರಕಟಣೆಗೆ ಸಂಬಂಧಿಸಿದ್ದು. ವೃತ್ತದೊಳಗೆ ‘ಸಿ’ ಇದ್ದರೆ ಆ ವರ್ಷ ಹೊದಿಕೆಯ ಚಿತ್ರ ಮತ್ತು ಬರಹಕ್ಕೆ ಸೇರಿದ್ದು. ಮರುಮುದ್ರಣದ ವರ್ಷವನ್ನೇ ಸಂಗೀತದ ವರ್ಷವೆಂದು ಭಾವಿಸುವ ತಪ್ಪು ಆಗುವುದು ಇಲ್ಲಿಯೇ.

ಮನೆಯಲ್ಲೇ ಪರೀಕ್ಷೆ

ತಮ್ಮ ಬಳಿಯ ಪ್ರತಿ ಸರಿಯಾದ ಶ್ರುತಿಯದೇ ಎಂದು ತಿಳಿಯಲು ಕನ್ನಡದ ಸಂಗೀತ ಪ್ರಿಯರಿಗೆ ಒಂದು ಸುಲಭ ಮಾರ್ಗವಿದೆ. ‘ಸೋ ವಾಟ್’ ರಚನೆಯ ಆಧಾರ ‘ಡೋರಿಯನ್’ ಎಂಬ ಸ್ವರಶ್ರೇಣಿ. ಅದರ ಸ್ವರಸ್ಥಾನಗಳು ಕರ್ನಾಟಕ ಸಂಗೀತದ 22ನೇ ಮೇಳ ಖರಹರಪ್ರಿಯದವೇ. ಆಧಾರ ಸ್ವರ ಪಾಶ್ಚಾತ್ಯರ ‘ಡಿ’, ಅಂದರೆ ಎರಡು ಮನೆ ಶ್ರುತಿ. 32 ಆವರ್ತಗಳ ಪ್ರತಿ ಸುತ್ತಿನಲ್ಲಿ ಮೊದಲ 16 ಆವರ್ತ ಇದೇ ಶ್ರುತಿ. ನಂತರದ 8 ಆವರ್ತ ಎಲ್ಲವೂ ಅರ್ಧ ಮನೆ ಮೇಲಕ್ಕೆ ಹೋಗಿ, ಕೊನೆಯ 8ರಲ್ಲಿ ಮತ್ತೆ ಕೆಳಗಿಳಿಯುತ್ತದೆ.

ಶ್ರುತಿಪೆಟ್ಟಿಗೆಯನ್ನು ಎರಡು ಮನೆಗೆ ಇಟ್ಟು ರಚನೆಯ ಆರಂಭವನ್ನು ಕೇಳಬೇಕು. ಪೀಠಿಕೆ ಮುಗಿದು ಬಾಸ್ ಮುಖ್ಯ ಪಲ್ಲವಿಯನ್ನು ಹಿಡಿದಾಗ ಷಡ್ಜ ಕೂಡಿಕೊಂಡರೆ ಅದು 1992ರ ನಂತರ ತಿದ್ದಿದ ಪ್ರತಿ. ಸ್ವರ ತುಸು ಮೇಲೆ ನಿಂತು ಕಿವಿಯನ್ನು ಕೊರೆದರೆ, ಅದೇ ಯಂತ್ರದಲ್ಲಿ ಎರಡನೆಯ ಬದಿಯ ‘ಆಲ್ ಬ್ಲೂಸ್’ ಅನ್ನು ‘ಜಿ’, ಅಂದರೆ ಐದು ಮನೆಗೆ ಹೋಲಿಸಿ ನೋಡಬೇಕು. ಅದೂ ಏರಿದ್ದರೆ ದೋಷ ಮನೆಯ ಗ್ರಾಮಫೋನಿನದು. ಅದು ಸರಿಯಿದ್ದು ಮೊದಲ ಬದಿ ಮಾತ್ರ ಏರಿದ್ದರೆ, ಕೇಳಿಸುತ್ತಿರುವುದು 1959ರ ಮಾರ್ಚ್ 2ರಂದು ನಿಧಾನವಾಗಿ ಓಡಿದ ಆ ಟೇಪ್ ಯಂತ್ರ.