ಎಂಜಿನಿನ ನಾಡಿ ತಪ್ಪಿದಾಗ

ಅಣೆಕಟ್ಟಿನ ನೆಲೆಯಲ್ಲಾಗಲಿ, ಹೆದ್ದಾರಿಯ ಕಾಮಗಾರಿಯಲ್ಲಾಗಲಿ, ಕಲ್ಲುಗಣಿಯಲ್ಲಾಗಲಿ, ಮಣ್ಣನ್ನು ಅಗೆಯುವ ಮತ್ತು ಸಾಗಿಸುವ ಕೆಲಸವು ಇಂದು ಬಹುಮಟ್ಟಿಗೆ ಎಕ್ಸ್‌ಕವೇಟರು, ಬುಲ್ಡೋಜರು, ಡಂಪರು ಮೊದಲಾದ ದೈತ್ಯ ಯಂತ್ರಗಳನ್ನೇ ನೆಚ್ಚಿಕೊಂಡಿದೆ. ಇಪ್ಪತ್ತು ಮೂವತ್ತು ಟನ್ನು ತೂಗುವ ಇಂತಹ ಯಂತ್ರವೊಂದು, ಕೈಬೆರಳಿನಷ್ಟು ಗಾತ್ರದ ಒಂದು ಉಪಕರಣ ಕೆಟ್ಟ ಮಾತ್ರಕ್ಕೆ ನಿಂತಲ್ಲಿಯೇ ನಿಂತುಬಿಡುವುದುಂಟು. ಎಂಜಿನಿನ ವೇಗವನ್ನು ತಿಳಿಸುವ ಸೆನ್ಸರೇ ಆ ಉಪಕರಣ. ಯಂತ್ರ ನಿಂತಿತೆಂದರೆ ಅಗೆತ ನಿಲ್ಲುತ್ತದೆ. ಮಣ್ಣು ತುಂಬಿಕೊಳ್ಳಲು ಬಂದ ಲಾರಿಗಳು ಸಾಲುಗಟ್ಟಿ ಕಾಯುತ್ತವೆ. ದಿನಗೂಲಿಯವರ ಸಂಪಾದನೆಗೂ ಸಂಚಕಾರ ಬರುತ್ತದೆ. ದೋಷದ ಮೂಲವನ್ನರಿಯದೆ ಬೆಲೆಬಾಳುವ ಇಂಧನದ ಪಂಪನ್ನೋ ಇಂಜೆಕ್ಟರುಗಳನ್ನೋ ಬದಲಾಯಿಸಿದರೆ, ಹಣವೂ ವ್ಯರ್ಥ, ಯಂತ್ರವೂ ಮೊದಲಿದ್ದಂತೆಯೇ. ಆದುದರಿಂದ ಈ ಸೆನ್ಸರಿನ ಕಾರ್ಯವಿಧಾನವನ್ನೂ ದೋಷಪರೀಕ್ಷೆಯ ಕ್ರಮವನ್ನೂ ಅರಿಯುವುದು ಉಪಯುಕ್ತವಾಗಿದೆ.

ಎಂಜಿನು ತನ್ನ ವೇಗವನ್ನು ತಾನೇ ಅರಿತು ಹತೋಟಿಯಲ್ಲಿಟ್ಟುಕೊಳ್ಳಬೇಕೆಂಬ ಕಲ್ಪನೆ ಹೊಸದಲ್ಲ. ಜೇಮ್ಸ್ ವಾಟನು 1788ರಲ್ಲಿಯೇ ತಿರುಗುವ ಎರಡು ಗುಂಡುಗಳ ನೆರವಿನಿಂದ ಉಗಿಯಂತ್ರದ ವೇಗವನ್ನು ನಿಯಂತ್ರಿಸುವ ಸಾಧನವನ್ನು ಬಳಕೆಗೆ ತಂದನು. ವೇಗ ಹೆಚ್ಚಿದಾಗ ಗುಂಡುಗಳು ಹೊರಕ್ಕೆ ಸರಿದು ಉಗಿಯ ದಾರಿಯನ್ನು ಕಿರಿದಾಗಿಸುತ್ತಿದ್ದವು. ಡೀಸೆಲ್ ಎಂಜಿನುಗಳಲ್ಲಿಯೂ ಬಹುಕಾಲ ಇದೇ ತತ್ತ್ವದ ಗವರ್ನರುಗಳಿದ್ದವು. ಇಂದಿನ ಎಂಜಿನುಗಳಲ್ಲಿ ಆ ಸ್ಥಾನವನ್ನು ಎಲೆಕ್ಟ್ರಾನಿಕ್ ನಿಯಂತ್ರಕವು ವಹಿಸಿಕೊಂಡಿದೆ. ಯಾವ ಕ್ಷಣದಲ್ಲಿ, ಎಷ್ಟು ಇಂಧನವನ್ನು ಸಿಲಿಂಡರಿನೊಳಕ್ಕೆ ಸಿಂಪಡಿಸಬೇಕೆಂಬುದನ್ನು ಅದು ವೇಗದ ಆಧಾರದ ಮೇಲೆ ಲೆಕ್ಕಹಾಕುತ್ತದೆ. ವೇಗದ ಸುದ್ದಿ ಎಲ್ಲಿಂದಲೂ ಬಾರದಿದ್ದರೆ ಇಂಧನವನ್ನು ಬಿಡುವ ಅಪ್ಪಣೆಯೇ ಹೊರಡುವುದಿಲ್ಲ.

ಈ ಸುದ್ದಿಯನ್ನು ಸಂಗ್ರಹಿಸುವ ಬಗೆ ಸರಳವಾದುದು. ಎಂಜಿನಿನೊಡನೆ ತಿರುಗುವ ಹಲ್ಲಿನ ಚಕ್ರವೊಂದರ ಎದುರಿಗೆ, ಕೂದಲೆಳೆಯಂತಹ ತಂತಿಯ ಸುರುಳಿಯನ್ನು ಸುತ್ತಿದ ಅಯಸ್ಕಾಂತವನ್ನು ಅಳವಡಿಸಿರುತ್ತಾರೆ. ಉಕ್ಕಿನ ಹಲ್ಲೊಂದು ಸಮೀಪಿಸಿದಾಗ ಸುರುಳಿಯ ಮೂಲಕ ಹಾಯುವ ಕಾಂತಬಲ ಹೆಚ್ಚುತ್ತದೆ, ದೂರ ಸರಿದಾಗ ಕುಗ್ಗುತ್ತದೆ. ಕಾಂತಬಲದ ಇಂತಹ ಏರಿಳಿತವು ತಂತಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟನು. ಒಂದೊಂದು ಹಲ್ಲಿಗೂ ಒಂದೊಂದು ವಿದ್ಯುತ್ ಸ್ಪಂದನ ಹುಟ್ಟುವುದರಿಂದ, ಸ್ಪಂದನಗಳನ್ನು ಎಣಿಸಿದರೆ ವೇಗ ತಿಳಿಯುತ್ತದೆ. ಚಕ್ರಕ್ಕೆ 60 ಹಲ್ಲುಗಳಿವೆಯೆಂದಿಟ್ಟುಕೊಳ್ಳೋಣ. ಎಂಜಿನು ನಿಮಿಷಕ್ಕೆ 800 ಸುತ್ತು ತಿರುಗಿದರೆ ನಿಮಿಷಕ್ಕೆ 48,000, ಅಂದರೆ ಸೆಕೆಂಡಿಗೆ 800 ಸ್ಪಂದನಗಳು ಹುಟ್ಟುತ್ತವೆ.

ಎರಡನೆಯ ಬಗೆಯ ಸೆನ್ಸರು, ಎಡ್ವಿನ್ ಹಾಲ್ ಎಂಬ ವಿಜ್ಞಾನಿಯು 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಅವಲಂಬಿಸಿದೆ. ಸುರುಳಿಯ ಸೆನ್ಸರಿಗೆ ಸಾಮಾನ್ಯವಾಗಿ ಎರಡು ತಂತಿಗಳು ಸಾಕು. ಹೊರಗಿನ ವಿದ್ಯುತ್ತೂ ಬೇಕಿಲ್ಲ. ಹಾಲ್ ಸೆನ್ಸರಿಗಾದರೋ ಸಾಮಾನ್ಯವಾಗಿ ಮೂರು ತಂತಿಗಳು: ಒಂದು ವಿದ್ಯುತ್ತನ್ನು ತರಲು, ಒಂದು ಭೂಸಂಪರ್ಕಕ್ಕೆ, ಇನ್ನೊಂದು ಸುದ್ದಿಯನ್ನು ಒಯ್ಯಲು. ಇವೆರಡರ ಪರೀಕ್ಷಾಕ್ರಮವು ಬೇರೆಬೇರೆಯಾದುದರಿಂದ, ಯಂತ್ರದಲ್ಲಿರುವುದು ಯಾವ ಬಗೆಯದೆಂದು ಮೊದಲೇ ಅರಿತಿರಬೇಕು. ಅನೇಕ ಎಂಜಿನುಗಳಲ್ಲಿ ಕ್ರ್ಯಾಂಕಿನ ಬಳಿ ಒಂದು, ಕ್ಯಾಮಿನ ಬಳಿ ಒಂದು, ಹೀಗೆ ಎರಡು ಸೆನ್ಸರುಗಳಿರುತ್ತವೆ. ಅಂತಹ ಕೆಲವು ಎಂಜಿನುಗಳು ಒಂದು ಕೆಟ್ಟರೂ ಇನ್ನೊಂದರ ಬಲದಿಂದ ಹೇಗೋ ನಡೆಯಬಲ್ಲವು.

ಇನ್ನು ದೋಷದ ಲಕ್ಷಣಗಳನ್ನು ನೋಡೋಣ. ಸ್ಟಾರ್ಟರು ಎಂಜಿನನ್ನು ಚೆನ್ನಾಗಿ ತಿರುಗಿಸುತ್ತಿದ್ದರೂ ಎಂಜಿನು ಹತ್ತಿಕೊಳ್ಳದಿರುವುದು, ಓಡುತ್ತಿದ್ದುದು ಹಠಾತ್ತನೆ ನಿಲ್ಲುವುದು, ವೇಗದರ್ಶಕದ ಮುಳ್ಳು ಕಾರಣವಿಲ್ಲದೆ ಕುಣಿಯುವುದು, ಇವು ಮುಖ್ಯವಾದುವು. ಎಕ್ಸ್‌ಕವೇಟರಿನಲ್ಲಿ ಹೈಡ್ರಾಲಿಕ್ ಪಂಪಿನ ಹೊರೆಯನ್ನೂ ಎಂಜಿನಿನ ವೇಗವನ್ನು ನೋಡಿಯೇ ಹೊಂದಿಸುವುದುಂಟು. ಆಗ ಸುದ್ದಿ ತಪ್ಪಾದರೆ ಬಕೆಟ್ಟಿನ ಚಲನೆಯೂ ನಿಧಾನವಾಗುತ್ತದೆ. ಆದರೆ ಇಂಧನದ ಅಭಾವದಿಂದಲೂ ಎಂಜಿನು ಹತ್ತದಿರಬಹುದಷ್ಟೆ? ಇವೆರಡನ್ನು ಬೇರ್ಪಡಿಸುವುದು ಕಷ್ಟವಲ್ಲ. ಸ್ಟಾರ್ಟರು ತಿರುಗಿಸುತ್ತಿರುವಾಗ ನಿಯಂತ್ರಕಕ್ಕೆ ಕಾಣುತ್ತಿರುವ ವೇಗವನ್ನು ಪರೀಕ್ಷಾಯಂತ್ರದಲ್ಲಿ ನೋಡಬೇಕು. ಅಲ್ಲಿ ಸೊನ್ನೆ ಕಂಡರೆ ಸೆನ್ಸರಿನ ದಾರಿಯನ್ನು ಶೋಧಿಸಬೇಕು. ನೂರಾರು ಸುತ್ತುಗಳು ಸ್ಥಿರವಾಗಿ ಕಂಡರೆ ಬೇರೆಡೆ ಹುಡುಕಬೇಕು. ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಸುರುಳಿಯ ಸೆನ್ಸರು ಹುಟ್ಟಿಸುವ ವೋಲ್ಟೇಜು ವೇಗದೊಡನೆ ಏರಿಳಿಯುತ್ತದೆ. ಬ್ಯಾಟರಿಯು ಸೋತು ಎಂಜಿನು ತೀರ ಮೆಲ್ಲಗೆ ತಿರುಗಿದರೆ, ನಿರ್ದೋಷಿಯಾದ ಸೆನ್ಸರೂ ಮೂಕವಾದಂತೆ ತೋರುತ್ತದೆ. ಆದುದರಿಂದ ಮೊದಲ ಪರೀಕ್ಷೆ ಬ್ಯಾಟರಿಯದು.

ನಿಯಂತ್ರಕವು ತಾನು ಕಂಡ ದೋಷವನ್ನು ಅಂಕಿಗಳ ರೂಪದಲ್ಲಿ ದಾಖಲಿಸಿಡುತ್ತದೆ. ಭಾರಿ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಜೆ-1939 ಎಂಬ ಪದ್ಧತಿಯಲ್ಲಿ 190 ಎಂಬ ಅಂಕಿಯು ಎಂಜಿನಿನ ವೇಗವನ್ನು ಸೂಚಿಸುತ್ತದೆ. ಅದರ ಜೊತೆಗಿರುವ ಇನ್ನೊಂದು ಅಂಕಿಯು ದೋಷದ ಸ್ವರೂಪವನ್ನು ತಿಳಿಸುತ್ತದೆ: 2 ಎಂದರೆ ಅಸ್ಥಿರವಾದ ಸುದ್ದಿ, 3 ಎಂದರೆ ಮಿತಿಮೀರಿದ ವೋಲ್ಟೇಜು, 4 ಎಂದರೆ ಕುಗ್ಗಿದ ವೋಲ್ಟೇಜು, 8 ಎಂದರೆ ಸ್ಪಂದನಗಳ ಗತಿಯಲ್ಲಿ ವ್ಯತ್ಯಾಸ. ಇವು ರೋಗದ ಲಕ್ಷಣವನ್ನು ಹೇಳುತ್ತವೆಯೇ ಹೊರತು ಕೆಟ್ಟ ಭಾಗವನ್ನು ಬೆರಳಿಟ್ಟು ತೋರಿಸುವುದಿಲ್ಲ. ದೋಷವು ಸೆನ್ಸರಿನಲ್ಲಿರಬಹುದು, ತಂತಿಯಲ್ಲಿರಬಹುದು, ಹಲ್ಲಿನ ಚಕ್ರದಲ್ಲಿಯೂ ಇರಬಹುದು.

ಪರೀಕ್ಷೆಗೆ ಮುನ್ನ ಯಂತ್ರವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಊರಿ, ಕೀಲಿಯನ್ನು ತೆಗೆದಿರಿಸಬೇಕು. ಬಳಿಕ ಕಣ್ಣಿನ ಪರೀಕ್ಷೆ. ತಂತಿಗಳು ಲೋಹದ ಅಂಚಿಗೆ ಉಜ್ಜಿ ಸವೆದಿವೆಯೆ, ಕನೆಕ್ಟರಿನೊಳಗೆ ನೀರು ಸೇರಿ ಕಿಲುಬು ಹಿಡಿದಿದೆಯೆ, ಒಳಗಿನ ಪಿನ್ನು ಹಿಂದಕ್ಕೆ ಜಾರಿದೆಯೆ ಎಂದು ನೋಡಬೇಕು. ಧೂಳು, ಕೆಸರು, ನಡುಕಗಳ ನಡುವೆ ದುಡಿಯುವ ಯಂತ್ರಗಳಲ್ಲಿ ದೋಷವು ಇಲ್ಲಿಯೇ ಸಿಕ್ಕುವುದುಂಟು. ತಂತಿಯ ಹೊದಿಕೆಯನ್ನು ಸೂಜಿಯಿಂದ ಚುಚ್ಚಿ ಪರೀಕ್ಷಿಸುವ ಅಭ್ಯಾಸ ಒಳ್ಳೆಯದಲ್ಲ. ಆ ರಂಧ್ರದಿಂದ ತೇವವು ನುಗ್ಗಿ ಮುಂದೆ ಹೊಸ ದೋಷವನ್ನು ತಂದೊಡ್ಡುತ್ತದೆ.

ಅನಂತರ ಸುರುಳಿಯ ಸೆನ್ಸರನ್ನು ಬಿಡಿಸಿ, ಮಲ್ಟಿಮೀಟರಿನಿಂದ ಅದರ ರೋಧವನ್ನು ಅಳೆದು, ತಯಾರಕರ ಕೈಪಿಡಿಯಲ್ಲಿರುವ ಅಂಕಿಯೊಡನೆ ಹೋಲಿಸಬೇಕು. ರೋಧವು ಅನಂತವೆಂದು ಕಂಡರೆ ಒಳಗಿನ ತಂತಿ ತುಂಡಾಗಿದೆ. ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದೊಡನೆ ತುಂಡಾಗುವ ಸುರುಳಿಗಳೂ ಉಂಟು. ಮಧ್ಯಾಹ್ನ ನಿಂತು ಸಂಜೆ ತಾನಾಗಿಯೇ ಹೊರಡುವ ಯಂತ್ರದಲ್ಲಿ ಇದನ್ನು ಶಂಕಿಸಬೇಕು. ಹಾಲ್ ಸೆನ್ಸರಿಗೆ ರೋಧದ ಪರೀಕ್ಷೆ ಸಲ್ಲದು. ಅದಕ್ಕೆ ವಿದ್ಯುತ್ತು ಮತ್ತು ಭೂಸಂಪರ್ಕ ತಲುಪುತ್ತಿವೆಯೇ ಎಂಬುದನ್ನು ಮೊದಲು ನೋಡಿ, ಆಮೇಲೆ ಚಕ್ರ ತಿರುಗುವಾಗ ಸ್ಪಂದನ ಬರುವುದೇ ಎಂದು ಪರೀಕ್ಷಿಸಬೇಕು. ಯಂತ್ರದಲ್ಲಿ ಒಂದೇ ಮಾದರಿಯ ಎರಡು ಸೆನ್ಸರುಗಳಿದ್ದರೆ ಅವನ್ನು ಅದಲುಬದಲು ಮಾಡಬಹುದು. ದೋಷವು ಸೆನ್ಸರಿನೊಡನೆ ಸ್ಥಳ ಬದಲಿಸಿದರೆ ಸೆನ್ಸರು ಕೆಟ್ಟಿದೆ. ಇದ್ದಲ್ಲಿಯೇ ಉಳಿದರೆ ತಂತಿಯನ್ನೋ ಚಕ್ರವನ್ನೋ ಶೋಧಿಸಬೇಕು.

ಬಿಡಿಸಿದ ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಅಂಟಿದ್ದರೆ ಒರೆಸಿದ ಮಾತ್ರಕ್ಕೆ ಅದು ಮತ್ತೆ ಸುಸ್ಥಿತಿಗೆ ಬಂದೀತು. ಆದರೆ ಆ ಪುಡಿ ಎಲ್ಲಿಂದ ಬಂದಿತೆಂದು ವಿಚಾರಿಸದೆ ಬಿಡಬಾರದು; ಒಳಗೆ ಯಾವುದೋ ಹಲ್ಲು ಸವೆಯುತ್ತಿರಬಹುದು. ಮರಳಿ ಜೋಡಿಸುವಾಗ ಅಂತರವನ್ನು ಕಾಯ್ದುಕೊಳ್ಳಬೇಕು. ತಿರುಪಿನ ಸೆನ್ಸರಾದರೆ, ರಂಧ್ರದ ಕೆಳಗೆ ಹಲ್ಲಿನ ತಲೆಯೇ ಇರುವಂತೆ ಚಕ್ರವನ್ನು ನಿಲ್ಲಿಸಿ, ಸೆನ್ಸರು ಹಲ್ಲಿಗೆ ಮೆಲ್ಲಗೆ ತಾಗುವವರೆಗೆ ತಿರುಗಿಸಿ, ಬಳಿಕ ಕೈಪಿಡಿ ಹೇಳಿದಷ್ಟು ಹಿಂದಕ್ಕೆ ತಿರುಗಿಸುವುದು ರೂಢಿ. ಎರಡು ಹಲ್ಲುಗಳ ನಡುವಣ ಸಂದಿನಲ್ಲಿ ಸೆನ್ಸರನ್ನು ಇಳಿಸಿಬಿಟ್ಟರೆ, ಎಂಜಿನು ತಿರುಗಿದೊಡನೆ ಮುಂದಿನ ಹಲ್ಲು ಅದರ ತಲೆಯನ್ನು ಕತ್ತರಿಸುತ್ತದೆ. ಅಂತರ ಹೆಚ್ಚಾದರೆ ಸ್ಪಂದನವು ಬಲಗುಂದುತ್ತದೆ.

ಕೊನೆಯಲ್ಲಿ ಹಳೆಯ ದೋಷದ ಅಂಕಿಗಳನ್ನು ಅಳಿಸಿ, ಎಂಜಿನನ್ನು ಚಾಲೂ ಮಾಡಿ, ಮಂದವೇಗದಿಂದ ಪೂರ್ಣವೇಗದವರೆಗೆ ನಡೆಸಿ, ಯಂತ್ರಕ್ಕೆ ಹೊರೆಯನ್ನೂ ಕೊಟ್ಟು ನೋಡಬೇಕು. ಬ್ಯಾಟರಿ, ತಂತಿ, ಸೆನ್ಸರು, ಚಕ್ರ ಎಂಬ ಈ ಕ್ರಮವನ್ನು ಅನುಸರಿಸುವವನಿಗೆ ಬೇಕಾದ ಮುಖ್ಯ ಸಾಧನಗಳು ಒಂದು ಮೀಟರು, ಒಂದು ಕೈಪಿಡಿ ಮತ್ತು ತಾಳ್ಮೆ. ಅವುಗಳ ನೆರವಿನಿಂದ ಅವನು ಕೆಟ್ಟಿರುವ ಭಾಗವನ್ನು ಮಾತ್ರ ಬದಲಾಯಿಸಿ, ನಿಂತ ಯಂತ್ರವನ್ನು ಮತ್ತೆ ಕೆಲಸಕ್ಕೆ ಹಚ್ಚಬಲ್ಲನು.