ಶಿಶಿಕ್ಷುವಿನ ಭತ್ಯೆಯೂ ಕನಿಷ್ಠ ವೇತನವೂ

ಕಾರ್ಖಾನೆಯಲ್ಲಿ ಕಸುಬು ಕಲಿಯುತ್ತಿರುವ ಶಿಶಿಕ್ಷು, ಎಂದರೆ ಅಪ್ರೆಂಟಿಸ್, ವಿದ್ಯಾರ್ಥಿಯೋ ಕೆಲಸಗಾರನೋ ಎಂಬ ಪ್ರಶ್ನೆ ಮೇಲುನೋಟಕ್ಕೆ ಬರಿಯ ಶಬ್ದಾರ್ಥದ ಚರ್ಚೆಯಂತೆ ತೋರಬಹುದು. ಆದರೆ ಅವನಿಗೆ ಸಲ್ಲುವ ಹಣ ಎಷ್ಟಿರಬೇಕೆಂಬುದು ಇದರ ಉತ್ತರವನ್ನೇ ಅವಲಂಬಿಸಿದೆ. ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ನಡೆದುಬಂದ ದಾರಿಯನ್ನು ಇಲ್ಲಿ ಪರಿಶೀಲಿಸುತ್ತೇವೆ.

1948ರ ಕನಿಷ್ಠ ವೇತನ ಅಧಿನಿಯಮದ 3ನೆಯ ಪ್ರಕರಣವು ವಯಸ್ಕರು, ತರುಣರು, ಮಕ್ಕಳು ಮತ್ತು ಶಿಶಿಕ್ಷುಗಳಿಗೆ ಬೇರೆ ಬೇರೆ ದರಗಳನ್ನು ಗೊತ್ತುಪಡಿಸಲು ಅವಕಾಶವಿತ್ತಿತ್ತು. ದರವು ಕಡಮೆಯಾಗಿರಬಹುದು, ಆದರೂ ಅದು ವೇತನವೇ. 1961ರ ಶಿಶಿಕ್ಷು ಅಧಿನಿಯಮವು ಬೇರೊಂದು ನಿಲುವನ್ನು ತಳೆಯಿತು. ಅದರ 18ನೆಯ ಪ್ರಕರಣದಂತೆ ಶಿಶಿಕ್ಷುವು ತರಬೇತಿ ಪಡೆಯುವವನೇ ಹೊರತು ಕೆಲಸಗಾರನಲ್ಲ. 13ನೆಯ ಪ್ರಕರಣದಂತೆ ಅವನಿಗೆ ಸಲ್ಲುವುದು ಭತ್ಯೆ. ತಯಾರಿಸಿದ ವಸ್ತುವೊಂದಕ್ಕೆ ಇಷ್ಟೆಂಬ ಲೆಕ್ಕದಲ್ಲಿ ಅದನ್ನು ಕೊಡಕೂಡದು. ಉತ್ಪಾದನೆಯ ಆತುರದಲ್ಲಿ ಕಲಿಕೆ ಕೆಡಬಾರದೆಂಬುದೇ ಇದರ ತಾತ್ಪರ್ಯವೆಂದು ನಾವು ಭಾವಿಸುತ್ತೇವೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯೂ ಈ ಶಿಶಿಕ್ಷುಗಳನ್ನು ನೌಕರರ ವ್ಯಾಖ್ಯೆಯಿಂದ ಹೊರಗಿಟ್ಟಿದೆ.

ಕಡಮೆ ಭತ್ಯೆಗೆ ಅರ್ಥಶಾಸ್ತ್ರದಲ್ಲಿ ಸಮರ್ಥನೆಯಿಲ್ಲದಿಲ್ಲ. ಹೊಸಬನು ಮೊದಮೊದಲು ಸಾಮಗ್ರಿಯನ್ನು ಕೆಡಿಸುತ್ತಾನೆ. ಅನುಭವಿ ಕೆಲಸಗಾರನ ಹೊತ್ತನ್ನು ಬೇಡುತ್ತಾನೆ. ಕಲಿತ ಕಸುಬನ್ನು ಅವನು ಬೇರೆ ಕಾರ್ಖಾನೆಗೂ ಒಯ್ಯಬಲ್ಲನಾದುದರಿಂದ ಕಲಿಸುವ ವೆಚ್ಚವನ್ನು ಮಾಲೀಕನು ತಾನೇ ಹೊರಲು ಒಪ್ಪನು; ಕಲಿಯುವವನೇ ಕಡಮೆ ಸಂಬಳದ ರೂಪದಲ್ಲಿ ಅದನ್ನು ತೆರುತ್ತಾನೆ. 1964ರಲ್ಲಿ ಗ್ಯಾರಿ ಬೆಕರ್ ಅವರು ಮಾನವ ಬಂಡವಾಳವನ್ನು ಕುರಿತ ತಮ್ಮ ಗ್ರಂಥದಲ್ಲಿ ಮಂಡಿಸಿದ ವಾದದ ಸಾರ ಇದು. ಆದರೆ ಇದರಿಂದ ಹೊರಡುವ ಇನ್ನೊಂದು ನಿರ್ಣಯವನ್ನೂ ಗಮನಿಸಬೇಕು. ಕಡಮೆಯಾದ ಹಣವು ಕಲಿಕೆಯ ಬೆಲೆಯಾದರೆ, ಕಲಿಕೆ ಮುಗಿಯುತ್ತ ಬಂದಂತೆ ಆ ಬೆಲೆಯೂ ಇಳಿಯಬೇಕು. ಕಲಿಸುವುದೇ ಇಲ್ಲದೆ ಕೆಲಸ ಮಾತ್ರ ತೆಗೆದುಕೊಂಡರೆ ಅದಕ್ಕೆ ಆಧಾರವೇ ಉಳಿಯದು.

2014ರ ನಿಯಮಗಳು ಈ ತತ್ತ್ವಕ್ಕೆ ಸಮೀಪವಾಗಿದ್ದುವು. ರಾಜ್ಯವು ಅರೆಕುಶಲ ಕೆಲಸಗಾರರಿಗೆ ಗೊತ್ತುಪಡಿಸಿದ ಕನಿಷ್ಠ ವೇತನದಲ್ಲಿ ಮೊದಲನೆಯ ವರ್ಷ ನೂರಕ್ಕೆ 70, ಎರಡನೆಯ ವರ್ಷ 80, ಆ ಬಳಿಕ 90 ಭಾಗವನ್ನು ಕಸುಬಿನ ಶಿಶಿಕ್ಷುವಿಗೆ ಕೊಡಬೇಕಾಗಿತ್ತು. 2019ರ ತಿದ್ದುಪಡಿಯು ಈ ಸಂಬಂಧವನ್ನು ಕಡಿದು, 5ರಿಂದ 9ನೆಯ ತರಗತಿಯವರೆಗೆ ಓದಿದವರಿಗೆ ತಿಂಗಳಿಗೆ 5,000 ರೂಪಾಯಿಯಿಂದ ಮೊದಲ್ಗೊಂಡು ಪದವೀಧರರಿಗೆ 9,000 ರೂಪಾಯಿಯವರೆಗೆ ಕನಿಷ್ಠ ಮೊತ್ತಗಳನ್ನು ನಿಗದಿ ಮಾಡಿತು. ಎರಡನೆಯ ಮತ್ತು ಮೂರನೆಯ ವರ್ಷಗಳಲ್ಲಿ ಅಲ್ಪಸ್ವಲ್ಪ ಏರಿಕೆಯುಂಟು. ಆದರೆ ಮುಖ್ಯವಾದ ಅಳತೆಗೋಲು ಬದಲಾಯಿತು: ಕಾರ್ಖಾನೆಯೊಳಗೆ ಕಲಿತ ಕೆಲಸಕ್ಕಿಂತ ಬಾಗಿಲಿಗೆ ಬರುವಾಗ ತಂದ ಓದಿಗೆ ಹೆಚ್ಚು ಬೆಲೆ ಬಂದಿತು. ಪೇಟೆಯ ಧಾರಣೆ ಏರಿದಂತೆ ಕನಿಷ್ಠ ವೇತನವನ್ನು ಪರಿಷ್ಕರಿಸಲಾಗುತ್ತದೆ. ನಿಗದಿಯಾದ ಮೊತ್ತವು ನಿಂತಲ್ಲೇ ನಿಲ್ಲುತ್ತದೆ. 2025ರಲ್ಲಿ ಕೇಂದ್ರ ಶಿಶಿಕ್ಷು ಮಂಡಳಿಯು ನೂರಕ್ಕೆ 36ರಷ್ಟು ಹೆಚ್ಚಳವನ್ನು ಒಮ್ಮೆಗೇ ಶಿಫಾರಸು ಮಾಡಬೇಕಾಗಿ ಬಂದುದು ಇದಕ್ಕೆ ನಿದರ್ಶನ.

ಭತ್ಯೆ ವಿಪರೀತವಾಗಿ ಏರಿದರೆ ಮಾಲೀಕರು ಶಿಶಿಕ್ಷುಗಳನ್ನು ತೆಗೆದುಕೊಳ್ಳಲು ಹಿಂಜರಿಯುವರೆಂಬ ಆಕ್ಷೇಪವು ಅಲಕ್ಷಿಸತಕ್ಕದ್ದಲ್ಲ. ಆದರೆ ಭತ್ಯೆಯು ಊಟ ವಸತಿಗೂ ಸಾಲದಿದ್ದರೆ, ಮನೆಯವರು ಪೋಷಿಸಬಲ್ಲ ಹುಡುಗರಿಗೆ ಮಾತ್ರ ಕಸುಬು ದಕ್ಕುವುದು. ಅದರ ಅಗತ್ಯ ಹೆಚ್ಚಾಗಿರುವ ಬಡವರ ಮಕ್ಕಳು ಹೊರಗುಳಿಯುವರು. ಆದುದರಿಂದ ಭತ್ಯೆಯನ್ನು ಕನಿಷ್ಠ ವೇತನದ ಒಂದು ಪಾಲಾಗಿ ಗೊತ್ತುಪಡಿಸಿ, ಕಲಿಕೆ ಬೆಳೆದಂತೆ ಆ ಪಾಲನ್ನು ಬೆಳೆಸುವುದೇ ಇಬ್ಬರಿಗೂ ನ್ಯಾಯವಾದ ಕ್ರಮವೆಂದು ನಮಗೆ ತೋರುತ್ತದೆ.