ನಿಮಗಿದು ಗೊತ್ತೆ? ಟೈರಿನ ಮೈಮೇಲೇ ಇದೆ ಅದರ ಜಾತಕ

ವಾಡಿ, ಸೇಡಂ ಕಡೆ ಸಿಮೆಂಟು, ಶಹಾಬಾದ್ ಕಡೆ ಹಾಸುಗಲ್ಲು. ಇವನ್ನು ಹೊತ್ತು ಓಡುವ ಗಾಡಿಗಳ ಟೈರು ಬೇಗ ಸವೆಯುತ್ತದೆ. ಮಳೆಗಾಲದಲ್ಲಿ ಹಳೆ ಟೈರು ಕೊಳ್ಳುವಾಗ ಅಂಗಡಿಯವರ ಮಾತಿಗಿಂತ ಟೈರಿನ ಪಕ್ಕದ ಅಂಕಿಗಳನ್ನು ನಂಬಿ. ಅಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ: 2321 ಎಂದರೆ 2021ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು, ಮುಟ್ಟಲೇಬೇಡಿ!

ಟೈರಿನ ಮೈಮೇಲಿನ ಗುಂಡಿಯ, ಅಂದರೆ ನೀರು ಹರಿದುಹೋಗುವ ತೋಡಿನ, ಆಳ ಕಾರು, ಲಾರಿಗೆ ಕನಿಷ್ಠ 1.6 ಮಿ.ಮೀ., ಬೈಕು, ಆಟೋಗೆ 0.8 ಮಿ.ಮೀ. ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮ. ಗುಂಡಿಯ ತಳದಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಟೈರು ಸವೆದು ಅವುಗಳ ಮಟ್ಟಕ್ಕೆ ಬಂತೆಂದರೆ ಅದರ ಆಯುಸ್ಸು ಮುಗಿಯಿತು. ಮಳೆಯಲ್ಲಿ ನೀರು ಹೊರಹೋಗಲು ದಾರಿಯಿಲ್ಲದೆ ವೇಗದಲ್ಲಿ ಟೈರು ನೀರಿನ ಮೇಲೆ ತೇಲಿ ಜಾರುತ್ತದೆ. ಚಿತ್ತಾಪುರ, ಚಿಂಚೋಳಿಯ ಕಪ್ಪು ಮಣ್ಣು ಮೆತ್ತಿದರಂತೂ ಒಳ್ಳೆಯ ಟೈರೇ ಜಾರುತ್ತದೆ, ಬೋಳು ಟೈರಿನ ಪಾಡೇನು?

ಬೋಳು ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಗುಂಡಿ ಕೊರೆದು ಮಾರುವವರೂ ಇದ್ದಾರೆ. ಆ ದಿಬ್ಬಗಳೂ ಕತ್ತರಿಸಿ ಹೋಗಿದ್ದರೆ, ತಳದಲ್ಲಿ ದಾರ ಇಣುಕಿದರೆ ಅದು ಹಾಗೆ ಕೊರೆದ ಟೈರೇ, ಅನುಮಾನವೇ ಬೇಡ. ಒಳಭಾಗಕ್ಕೂ ಕೈಯಾಡಿಸಿ ನೋಡಿ; ಪಕ್ಕ ಉಬ್ಬಿದ ಟೈರನ್ನು ಪುಕ್ಕಟೆ ಕೊಟ್ಟರೂ ಹಾಕಿಸಬೇಡಿ.